ಮೂರು ಸಲ ಟ್ರಾನ್ಸ್‌ಪೋರ್ಟರ್ ಬದಲಾಯಿಸಿದ್ದಾಯ್ತು, ಸಾಗಣೆ ಖರ್ಚು ಇಳಿಯುತ್ತಿಲ್ಲ. ತಪ್ಪು ಎಲ್ಲಿದೆ?

ರವಾನೆ_ಗುಮಾಸ್ತ
ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಬಕೆಟ್, ಟಬ್, ಡಬ್ಬಿ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಮಾಲು ಹೆಚ್ಚಿನದು ಲಾರಿಯಲ್ಲಿ ಹೋಗುತ್ತದೆ. ಸ್ವಲ್ಪ ಕಂಟೇನರ್‌ನಲ್ಲಿ ಹೊರದೇಶಕ್ಕೂ ಹೋಗುತ್ತದೆ.

ಒಂದೂವರೆ ವರ್ಷದಲ್ಲಿ ಮೂರು ಟ್ರಾನ್ಸ್‌ಪೋರ್ಟರ್‌ಗಳನ್ನು ಬದಲಾಯಿಸಿದೆವು. ಪ್ರತಿ ಸಲವೂ ಒಂದೇ ಕತೆ. ಹೊಸಬರು ಕಡಿಮೆ ರೇಟ್ ಹೇಳುತ್ತಾರೆ. ಎರಡು ತಿಂಗಳು ಎಲ್ಲ ಸುಸೂತ್ರ. ಆಮೇಲೆ ಕರೆದರೆ ಲಾರಿ ಬರುವುದಿಲ್ಲ, ಬಿಲ್ಲಿನ ಕೆಳಗೆ ‘ಇತರೆ’ ಅಂತ ಒಂದು ಸಾಲು ಸೇರುತ್ತದೆ, ಅದು ತಿಂಗಳು ತಿಂಗಳು ದಪ್ಪವಾಗುತ್ತದೆ. ಈಗ ಯಜಮಾನರು ನಾಲ್ಕನೆಯವರನ್ನು ಹುಡುಕು ಅನ್ನುತ್ತಿದ್ದಾರೆ. ನನಗ್ಯಾಕೋ ತಪ್ಪು ಅವರಲ್ಲಿಲ್ಲ ಅನ್ನಿಸುತ್ತಿದೆ. ಅನುಭವ ಇದ್ದವರು ಹೇಳಿ, ಎಲ್ಲಿಂದ ಶುರು ಮಾಡಲಿ?

ಲೆಕ್ಕ_ಬಿಡದವಳು
ಮೊದಲು ಒಂದು ಪ್ರಶ್ನೆ. ಖರ್ಚು ಇಳಿಯುತ್ತಿಲ್ಲ ಅಂತೀರಲ್ಲ, ಯಾವ ಖರ್ಚು? ಒಂದು ಟ್ರಿಪ್ಪಿಗೆ ಎಷ್ಟು ಅಂತ ನೋಡುತ್ತಿದ್ದೀರಾ, ತಲುಪಿದ ಒಂದು ಕಿಲೋಗೆ ಎಷ್ಟು ಅಂತಲಾ?

ರವಾನೆ_ಗುಮಾಸ್ತ
ಟ್ರಿಪ್ಪಿಗೆ, ಮೇಡಂ.

ಲೆಕ್ಕ_ಬಿಡದವಳು
ಅಲ್ಲೇ ಎಡವಿದ್ದೀರಿ. ಅರ್ಧ ಖಾಲಿ ಹೋದ ಲಾರಿಯ ಬಾಡಿಗೆಯೂ ತುಂಬಿ ಹೋದ ಲಾರಿಯ ಬಾಡಿಗೆಯೂ ಒಂದೇ. ಟ್ರಿಪ್ಪಿನ ಲೆಕ್ಕದಲ್ಲಿ ಎರಡೂ ಸಮ ಕಾಣಿಸುತ್ತವೆ. ತಲುಪಿದ ಮಾಲಿನ ಲೆಕ್ಕದಲ್ಲಿ ಮೊದಲನೆಯದು ಎರಡರಷ್ಟು ದುಬಾರಿ. ಬಾಡಿಗೆ, ಹಮಾಲಿ, ಹಾಲ್ಟಿಂಗ್ (ಲಾರಿ ಕಾದು ನಿಂತದ್ದಕ್ಕೆ ಕೊಡುವ ದುಡ್ಡು), ಒಡೆದು ವಾಪಸ್ ಬಂದದ್ದು, ಎಲ್ಲವನ್ನೂ ಒಟ್ಟು ಸೇರಿಸಿ, ಸರಿಯಾಗಿ ತಲುಪಿದ ಮಾಲಿನಿಂದ ಭಾಗಿಸಿ ನೋಡಿ. ಪ್ಲಾಸ್ಟಿಕ್ ಹಗುರ, ಜಾಗ ತಿನ್ನುವ ಮಾಲು, ಆದ್ದರಿಂದ ಕಿಲೋ ಬಿಡಿ, ಪೆಟ್ಟಿಗೆಗೆ ಎಷ್ಟು ಅಂತ ಹಾಕಿ.

ಹಿಂದಿನ_ಚಕ್ರ
ಹನ್ನೊಂದು ವರ್ಷ ಲಾರಿ ಓಡಿಸಿದವನು ನಾನು, ಈಗ ನಾಲ್ಕು ಗಾಡಿ ಇಟ್ಟುಕೊಂಡಿದ್ದೇನೆ. ಆ ಕಡೆಯ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಚಕ್ರ ತಿರುಗಿದರೆ ಮಾತ್ರ ನಮಗೆ ಕಾಸು. ನಿಮ್ಮ ಗೇಟಿನಲ್ಲಿ ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ, ಡ್ರೈವರ್ ಬತ್ತೆ ನಿಲ್ಲುವುದಿಲ್ಲ, ಇನ್ಶೂರೆನ್ಸ್ ನಿಲ್ಲುವುದಿಲ್ಲ. ಒಂದು ದಿನ ನಿಂತರೆ ಮುಂದಿನ ಲೋಡು ತಪ್ಪಿತು, ಅಲ್ಲಿಂದ ಸಿಗಬೇಕಿದ್ದ ರಿಟರ್ನ್ ಲೋಡೂ ತಪ್ಪಿತು. ಡ್ರೈವರ್‌ಗಳು ಚಹಾ ಕುಡಿಯುತ್ತಾ ಮಾತಾಡುವುದೇ ಇದನ್ನು. ‘ಆ ಕಂಪನಿಗೆ ಹೋದರೆ ಅರ್ಧ ಗಂಟೆ, ಈ ಕಂಪನಿಗೆ ಹೋದರೆ ದಿನವೇ ಹೋಯ್ತು.’

ಈಗ ನಿಮ್ಮ ‘ಎರಡು ತಿಂಗಳ’ ಕತೆ. ಹೊಸ ಟ್ರಾನ್ಸ್‌ಪೋರ್ಟರ್ ನಕ್ಷೆ ನೋಡಿ, ದೂರ ನೋಡಿ ರೇಟ್ ಹೇಳುತ್ತಾನೆ. ನಿಮ್ಮ ಗೇಟ್ ಹೇಗಿದೆ ಅಂತ ಅವನಿಗೆ ಗೊತ್ತಿರುವುದಿಲ್ಲ. ಗೊತ್ತಾಗಲು ಎರಡು ತಿಂಗಳು ಬೇಕು. ಗೊತ್ತಾದ ಮೇಲೆ ಒಳ್ಳೆ ಗಾಡಿ ಬೇರೆ ಕಡೆ ಕಳಿಸುತ್ತಾನೆ, ಉಳಿದದ್ದು ನಿಮಗೆ. ‘ಇತರೆ’ ಅಂದರೆ ನಿಮ್ಮ ಗೇಟಿನ ಬಾಡಿಗೆ ಸ್ವಾಮಿ.

ಸುಮ್ನೆ_ಓದುವವ
‘ನಿಮ್ಮ ಗೇಟಿನ ಬಾಡಿಗೆ’! ಆಫೀಸಿನ ಗೋಡೆಗೆ ಅಂಟಿಸುವಂಥ ಮಾತು.

ತೆರೆಯ_ಮುಂದೆ
ಎಲ್ಲರೂ ಹಳೇ ಕಾಲದಲ್ಲೇ ಇದ್ದೀರಿ. ಒಳ್ಳೆಯ ಟ್ರಾನ್ಸ್‌ಪೋರ್ಟ್ ಸಾಫ್ಟ್‌ವೇರ್ ತಗೊಳ್ಳಿ, ಪ್ರತಿ ಗಾಡಿಗೂ ಜಿಪಿಎಸ್ ಹಾಕಿಸಿ. ದಾರಿ ಅದೇ ಆರಿಸುತ್ತದೆ, ಯಾವ ಗಾಡಿಗೆ ಯಾವ ಲೋಡು ಅಂತ ಅದೇ ಹೇಳುತ್ತದೆ. ಕೈಯಲ್ಲಿ ಲೆಕ್ಕ ಬರೆಯುವ ಕಾಲ ಮುಗಿಯಿತು.

ಗೋದಾಮು_14
ಸಾಫ್ಟ್‌ವೇರ್ ಬೇಡ ಅನ್ನುವವನು ನಾನಲ್ಲ. ಆದರೆ ನಮ್ಮಲ್ಲಿ ಜಿಪಿಎಸ್ ಹಾಕಿಸಿದ ಮೊದಲ ದಿನ ಆದದ್ದು ಕೇಳಿ. ಮ್ಯಾನೇಜರ್ ‘ಆ ಲಾರಿ ಎಲ್ಲಿ ಸತ್ತಿದೆ ನೋಡು’ ಅಂದರು. ತೆರೆ ನೋಡಿದೆವು. ನಮ್ಮ ಕಾಂಪೌಂಡಿನ ಹೊರಗೇ ಚುಕ್ಕೆ ಮಿನುಗುತ್ತಿತ್ತು. ಬೆಳಗ್ಗೆಯಿಂದ ಒಳಗೆ ಬಿಡುವವರಿಲ್ಲದೆ ಕಾಯುತ್ತಿತ್ತು.

ತೆರೆಯ_ಮುಂದೆ
ಅದು ಜಿಪಿಎಸ್ ತಪ್ಪಾ? ಅದೇ ತಾನೇ ತೋರಿಸಿದ್ದು!

ಗೋದಾಮು_14
ಕಿಟಕಿಯೂ ತೋರಿಸುತ್ತಿತ್ತು ಸರ್.

ಡಬ್ಬಿ_ಮೇಷ್ಟ್ರು
ಪ್ಲಾಸ್ಟಿಕ್ ಬಕೆಟ್ ಅಂದಿರಿ, ಕಿವಿ ನೆಟ್ಟಗಾಯಿತು. ಬಕೆಟ್‌ಗಳನ್ನು ಒಂದರೊಳಗೊಂದು ಕೂರಿಸಿ ಕಳಿಸುತ್ತೀರಾ ಅಥವಾ ಮುಚ್ಚಳ ಹಾಕಿ ಒಂದೊಂದಾಗಿಯಾ?

ರವಾನೆ_ಗುಮಾಸ್ತ
ಮುಚ್ಚಳ ಹಾಕಿಯೇ ಸರ್. ಮುಚ್ಚಳ ಬೇರೆ ಬಂದರೆ ಎಣಿಕೆ ತಪ್ಪುತ್ತದೆ, ಡೀಲರ್‌ಗಳು ದೂರುತ್ತಾರೆ.

ಡಬ್ಬಿ_ಮೇಷ್ಟ್ರು
ಅಯ್ಯೋ. ಹಾಗಾದರೆ ನೀವು ಬಕೆಟ್ ವ್ಯಾಪಾರ ಮಾಡುತ್ತಿಲ್ಲ, ಗಾಳಿ ಸಾಗಿಸುತ್ತಿದ್ದೀರಿ. ಒಂದರೊಳಗೊಂದು ಕೂರಿಸಿದರೆ ಪ್ರತಿ ಬಕೆಟ್‌ಗೂ ಅಂಚಿನಷ್ಟೇ ಎತ್ತರ ಸೇರುತ್ತದೆ. ಮುಚ್ಚಿದ್ದು ಪ್ರತಿಯೊಂದೂ ಪೂರ್ತಿ ಎತ್ತರ ತಿನ್ನುತ್ತದೆ. ಹತ್ತು ಬಕೆಟ್, ಹತ್ತು ಮುಚ್ಚಳ ಒಂದೇ ಕಟ್ಟು ಅಂತ ಮಾಡಿ, ಎಣಿಕೆ ಯಾಕೆ ತಪ್ಪುತ್ತದೆ?

ಏರ್ ಕೊರಿಯರ್‌ನಲ್ಲಿ ಸ್ಯಾಂಪಲ್ ಕಳಿಸುವುದಿದ್ದರೆ ಇನ್ನೂ ಹುಷಾರು. ಅಲ್ಲಿ ತಕ್ಕಡಿಯ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವವರು ಹೆಚ್ಚು. 60×40×40 ಪೆಟ್ಟಿಗೆ ಅಂದರೆ 19.2 ಕಿಲೋ. ಒಳಗೆ 8 ಕಿಲೋ ಮಾಲಿದ್ದರೂ ಅಷ್ಟೇ. ಎತ್ತರ 30ಕ್ಕೆ ಇಳಿಸಿದರೆ 14.4. ಒಂದು ಪೈಸೆ ಚೌಕಾಸಿ ಮಾಡದೆ ಕಾಲು ಭಾಗ ಇಳಿಯಿತು.

ಬಂದರು_ಕಾಗೆ
ಮೇಷ್ಟ್ರೇ, ಚಿಕ್ಕ ತಿದ್ದುಪಡಿ. 5000 ಕೊರಿಯರ್‌ನವರದು. ಸಾಮಾನ್ಯ ಏರ್ ಕಾರ್ಗೋದಲ್ಲಿ 6000. ಅದೇ ಪೆಟ್ಟಿಗೆ ಅಲ್ಲಿ 16 ಕಿಲೋ. ಹಡಗಿನಲ್ಲಿ ಪಾರ್ಟ್ ಲೋಡ್ (ಇಡೀ ಕಂಟೇನರ್ ತುಂಬದಷ್ಟು ಮಾಲು) ಕಳಿಸಿದರೆ 1 ಘನ ಮೀಟರ್ ಅಂದರೆ 1000 ಕಿಲೋ ಅಂತ ಹಿಡಿದು, ಯಾವುದು ಜಾಸ್ತಿಯೋ ಅದಕ್ಕೆ ಹಾಕುತ್ತಾರೆ. ಪ್ಲಾಸ್ಟಿಕ್‌ಗೆ ಯಾವಾಗಲೂ ಗಾತ್ರವೇ ಗೆಲ್ಲುತ್ತದೆ.

ಹೊರದೇಶದ ಮಾಲಿಗೆ ಎಷ್ಟು ಅಡಿಯ ಕಂಟೇನರ್ ತಗೊಳ್ಳುತ್ತೀರಿ?

ರವಾನೆ_ಗುಮಾಸ್ತ
20 ಅಡಿಯದು ಎರಡು. ಮೊದಲಿನಿಂದಲೂ ಹಾಗೇ ನಡೆದು ಬಂದಿದೆ.

ಬಂದರು_ಕಾಗೆ
‘ಹಾಗೇ ನಡೆದು ಬಂದಿದೆ’ ಅನ್ನುವುದಕ್ಕೇ ಎಷ್ಟೋ ಕಂಪನಿಗಳು ಬಾಡಿಗೆ ಕಟ್ಟುತ್ತಿವೆ. 20 ಅಡಿಯದರಲ್ಲಿ ಸುಮಾರು 33 ಘನ ಮೀಟರ್ ಜಾಗ. 40 ಅಡಿಯದರಲ್ಲಿ 67, ಹೈ ಕ್ಯೂಬ್ (ಎತ್ತರ ಜಾಸ್ತಿ ಇರುವುದು) ಆದರೆ 76. ಆದರೆ 40 ಅಡಿಯದು ಹೊರುವ ತೂಕ ಎರಡು ಪಟ್ಟಲ್ಲ, ಹೆಚ್ಚುಕಮ್ಮಿ 20 ಅಡಿಯದರಷ್ಟೇ. ಕಬ್ಬಿಣ, ಕಲ್ಲು ಕಳಿಸುವವರು 20 ಅಡಿ ತಗೊಳ್ಳುವುದು ಅದಕ್ಕೇ. ಬಕೆಟ್‌ಗೆ ಬೇಕಾದದ್ದು ಜಾಗ. ಎರಡು ಚಿಕ್ಕದರ ಬದಲು ಒಂದು ಹೈ ಕ್ಯೂಬ್‌ಗೆ ರೇಟ್ ಕೇಳಿ ನೋಡಿ.

ಕೌಂಟರ್_ಮನುಷ್ಯ
ಒಂದು ಡೌಟು, ವಿಷಯ ಬಿಟ್ಟು ಹೋಗುತ್ತಿದ್ದರೆ ಕ್ಷಮಿಸಿ. ನಾವು ಹೊರದೇಶದಿಂದ ಸಿಐಎಫ್‌ನಲ್ಲಿ (ಬೆಲೆಯಲ್ಲೇ ಹಡಗು ಬಾಡಿಗೆ, ಇನ್ಶೂರೆನ್ಸ್ ಸೇರಿದ ಕರಾರು) ಮಾಲು ತರಿಸಿದೆವು. ದಾರಿಯಲ್ಲಿ ನೀರು ಬಿದ್ದು ಹಾಳಾಯಿತು. ಬಾಡಿಗೆ ಕಟ್ಟಿದ್ದು ಮಾರಿದವರು, ನಷ್ಟವೂ ಅವರದೇ ಅಲ್ವಾ?

ಬಂದರು_ಕಾಗೆ
ಅಲ್ಲ! ಈ ತಪ್ಪು ತಿಳುವಳಿಕೆಗೆ ವಾರಕ್ಕೊಬ್ಬರು ಬೀಳುತ್ತಾರೆ. ಸಿಐಎಫ್‌ನಲ್ಲಿ ನಿಮ್ಮ ಬಂದರಿನ ತನಕ ಬಾಡಿಗೆ ಮತ್ತು ಇನ್ಶೂರೆನ್ಸ್ ಕಟ್ಟುವುದು ಮಾರುವವರು, ಸರಿ. ಆದರೆ ಅವರ ಬಂದರಿನಲ್ಲಿ ಮಾಲು ಹಡಗು ಹತ್ತಿದ ಕ್ಷಣದಿಂದ ಅಪಾಯ ನಿಮ್ಮದು. ಅವರು ಮಾಡಿಸಿದ ಇನ್ಶೂರೆನ್ಸ್ ಪಾಲಿಸಿ ಹಿಡಿದು ಕ್ಲೈಮ್ ಮಾಡಬೇಕಾದವರೂ ನೀವೇ. ಆ ಪಾಲಿಸಿ ಕನಿಷ್ಠ ಮಟ್ಟದ್ದಾಗಿದ್ದರೂ ನಿಯಮದ ಪ್ರಕಾರ ಸಾಕು, ಅದನ್ನೂ ಓದಿಕೊಳ್ಳಿ. ಇಂಥ ಕರಾರುಗಳ ಅಂತರರಾಷ್ಟ್ರೀಯ ನಿಯಮಾವಳಿ ಇನ್‌ಕೋಟರ್ಮ್ಸ್ 2020ರಲ್ಲಿ ಇರುವುದು ಹನ್ನೊಂದೇ ನಿಯಮ. ಒಂದು ಮಧ್ಯಾಹ್ನ ಕೂತು ಓದಿದರೆ ಮುಗಿಯುತ್ತದೆ.

ಸುಮ್ನೆ_ಓದುವವ
2021ರಲ್ಲಿ ಸುಯೆಜ್ ಕಾಲುವೆಯಲ್ಲಿ ಹಡಗು ಅಡ್ಡ ಸಿಕ್ಕಿಕೊಂಡಾಗ ಮಾಲಿನವರ ಗತಿ ಏನಾಯಿತು? ಅದೂ ಹೀಗೇನಾ?

ಬಂದರು_ಕಾಗೆ
ಎವರ್ ಗಿವನ್. 400 ಮೀಟರ್ ಉದ್ದದ ಹಡಗು, ಮಾರ್ಚ್ 23ಕ್ಕೆ ಸಿಕ್ಕಿಕೊಂಡಿತು, 29ಕ್ಕೆ ಬಿಡಿಸಿದರು. ಜನ ಅಲ್ಲಿಗೆ ಕತೆ ಮುಗಿಯಿತು ಅಂದುಕೊಂಡರು. ಪರಿಹಾರದ ಜಗಳದಲ್ಲಿ ಹಡಗನ್ನು ಜುಲೈ ತನಕ ಅಲ್ಲೇ ಹಿಡಿದಿಟ್ಟರು. ಅದಲ್ಲದೆ ಹಡಗಿನ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಅಂದರೆ ಹಡಗು ಉಳಿಸಲು ಆದ ಖರ್ಚನ್ನು ಹಡಗಿನ ಮಾಲೀಕರ ಜೊತೆ ಅದರಲ್ಲಿ ಮಾಲಿಟ್ಟ ಎಲ್ಲರೂ ತಮ್ಮ ಮಾಲಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ನಿಮ್ಮ ಪೆಟ್ಟಿಗೆಗೆ ಒಂದು ಗೀರೂ ಬಿದ್ದಿಲ್ಲದಿದ್ದರೂ ಅಷ್ಟೇ. ಗ್ಯಾರಂಟಿ ಕೊಡದೆ ಮಾಲು ಕೈಗೆ ಬರುವುದಿಲ್ಲ. ಇನ್ಶೂರೆನ್ಸ್ ಇದ್ದವರಿಗೆ ಅದು ಕಾಗದದ ಕೆಲಸ, ಇಲ್ಲದವರಿಗೆ ತಲೆನೋವು.

ಹಿಂದಿನ_ಚಕ್ರ
ಹಡಗು ಆರು ದಿನ ನಿಂತರೆ ಇಡೀ ಪ್ರಪಂಚಕ್ಕೆ ಸುದ್ದಿ. ನಮ್ಮ ಗಾಡಿ ಆರು ದಿನ ನಿಂತರೆ ಹೆಂಡತಿಗೆ ಮಾತ್ರ ಸುದ್ದಿ.

ಬಂದರು_ಕಾಗೆ
ಅಣ್ಣಾ, ನಿಮ್ಮ ಕುಲದವರೇ ಈ ಕಂಟೇನರ್ ವ್ಯಾಪಾರ ಶುರು ಮಾಡಿದ್ದು, ಗೊತ್ತಾ? ಮಾಲ್ಕಮ್ ಮೆಕ್ಲೀನ್ ಲಾರಿ ಸಾಗಣೆಯವರು. ಬಂದರಿನಲ್ಲಿ ಮೂಟೆ ಇಳಿಸುವುದನ್ನು ಕಾಯುತ್ತಾ ಕೂತಾಗ ಯೋಚನೆ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದರು. 1956ರ ಏಪ್ರಿಲ್ 26ರಂದು ಅವರ ಐಡಿಯಲ್ ಎಕ್ಸ್ ಅನ್ನುವ ಹಡಗು 58 ಕಂಟೇನರ್ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು.

ಹಿಂದಿನ_ಚಕ್ರ
ಕಾದು ಕಾದು ನನಗೂ ಯೋಚನೆ ಹೊಳೆದಿವೆ. ಬರೆಯುವಂಥವಲ್ಲ.

ತೆರೆಯ_ಮುಂದೆ
ವಿಷಯಕ್ಕೆ ಬರೋಣವಾ? ದಾರಿ ಆರಿಸುವುದರಲ್ಲೂ ಉಳಿತಾಯ ಇದೆ. ಪಾರ್ಸೆಲ್ ಸಾಗಿಸುವ ಯುಪಿಎಸ್ ಕಂಪನಿಯ ಗಾಡಿಗಳು ಎಡಕ್ಕೆ ತಿರುಗುವುದನ್ನೇ ಆದಷ್ಟು ತಪ್ಪಿಸುತ್ತವೆ. ಸಿಗ್ನಲ್‌ನಲ್ಲಿ ಕಾಯುವುದು ಕಡಿಮೆ, ಡೀಸೆಲ್ ಕಡಿಮೆ. ನೀವೂ ಹಾಗೆ ಮಾಡಬಹುದು.

ಕೌಂಟರ್_ಮನುಷ್ಯ
ಅವರು ಅಮೆರಿಕದಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ ಸ್ವಾಮಿ. ಎಡಗಡೆ ಓಡಿಸುವ ಕಡೆ ಎಡ ತಿರುವು ಸಲೀಸು, ಎದುರಿನ ಗಾಡಿಗಳನ್ನು ದಾಟಬೇಕಾದದ್ದು ಬಲ ತಿರುವಿನಲ್ಲಿ. ನಿಮ್ಮ ಮಾತು ಕೇಳಿ ಇಲ್ಲಿ ಯಾರಾದರೂ ಎಡ ತಿರುವು ಬಿಟ್ಟರೆ ಊರೆಲ್ಲ ಸುತ್ತಬೇಕಾದೀತು.

ತೆರೆಯ_ಮುಂದೆ
ಸರಿ ಸರಿ, ತಿರುಗಿಸಿ ಓದಿಕೊಳ್ಳಿ.

ರವಾನೆ_ಗುಮಾಸ್ತ
ಹಿಂದಿನ_ಚಕ್ರ ಅಣ್ಣನ ಮಾತು ತಲೆ ಕೊರೆಯುತ್ತಿತ್ತು. ಎರಡು ಸಂಜೆ ಕೂತು ಗೇಟ್ ಪುಸ್ತಕ ತೆಗೆದೆ. ಒಳಗೆ ಬಂದ ಹೊತ್ತು ಇದೆ, ಹೊರಗೆ ಹೋದ ಹೊತ್ತೂ ಇದೆ. ಇಷ್ಟು ವರ್ಷ ಒಂದರಿಂದ ಇನ್ನೊಂದನ್ನು ಕಳೆದವರಿಲ್ಲ.

ಎರಡು ವಾರದಲ್ಲಿ 41 ಲಾರಿ. ಒಂದೊಂದೂ ನಮ್ಮಲ್ಲಿ ಸರಾಸರಿ ಆರೂವರೆ ಗಂಟೆ ಇತ್ತು. ಲೋಡ್ ಮಾಡಲು ಹಿಡಿಯುವುದು ಒಂದೂವರೆ ಗಂಟೆ. ಇನ್ನು ಐದು ಗಂಟೆ ಏನು ಮಾಡುತ್ತಿದ್ದವು ಅಂತ ವಿಚಾರಿಸಿದೆ. ನಾಚಿಕೆ ಆಯಿತು. ಎಲ್ಲ ಲಾರಿಗಳಿಗೂ ‘ಬೆಳಗ್ಗೆ ಹತ್ತಕ್ಕೆ ಬನ್ನಿ’ ಅಂತ ನಾವೇ ಹೇಳುತ್ತೇವೆ. ಡಾಕ್ (ಲಾರಿ ನಿಲ್ಲಿಸಿ ಮಾಲು ಹತ್ತಿಸುವ ಜಾಗ) ಇರುವುದು ಎರಡು. ಲಾರಿ ಬಂದ ಮೇಲೆ ಗೋದಾಮಿನಲ್ಲಿ ಮಾಲು ಹುಡುಕಲು ಶುರು ಮಾಡುತ್ತಾರೆ. ಲೋಡ್ ಆದ ಮೇಲೆ ಎಣಿಕೆ ಅಕೌಂಟ್ಸ್‌ಗೆ ಹೋಗುತ್ತದೆ, ಅಲ್ಲಿ ಬಿಲ್ ಆಗುವಷ್ಟರಲ್ಲಿ ಊಟದ ಹೊತ್ತು.

ಇನ್ನೊಂದು ಕಂಡಿತು. ತಿಂಗಳ ಅರ್ಧಕ್ಕಿಂತ ಜಾಸ್ತಿ ಟ್ರಿಪ್ ಕೊನೆಯ ವಾರದಲ್ಲೇ ಇವೆ.

ಗೋದಾಮು_14
ಇಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೆ ಮೆಚ್ಚಿದೆ. ನಮ್ಮಲ್ಲೂ ಹೀಗೇ ಇತ್ತು. ನಾವು ಮಾಡಿದ್ದು ತುಂಬಾ ಸರಳ. ಹಿಂದಿನ ಸಂಜೆಯೇ ಮಾಲು ತೆಗೆದು, ಡಾಕ್ ಹತ್ತಿರ ನೆಲದ ಮೇಲೆ ಲಾರಿಯ ಅಳತೆಗೆ ಗೆರೆ ಹಾಕಿ, ಅದರೊಳಗೆ ಜೋಡಿಸಿಟ್ಟೆವು. ಕೊನೆಗೆ ಇಳಿಸುವ ಮಾಲು ಮೊದಲು ಹತ್ತಬೇಕಲ್ಲ, ಆ ಲೆಕ್ಕದಲ್ಲೇ. ಗೆರೆಯೊಳಗೆ ಹಿಡಿಸದಿದ್ದರೆ ಲಾರಿಯಲ್ಲೂ ಹಿಡಿಸುವುದಿಲ್ಲ, ಅದು ಹಿಂದಿನ ದಿನವೇ ಗೊತ್ತಾಗುತ್ತದೆ. ಬಿಲ್ಲೂ ಆಗಲೇ ಮಾಡಿಸುವುದು. ಲಾರಿಗಳಿಗೆ ಎರಡೆರಡು ಗಂಟೆಯ ಸ್ಲಾಟ್.

ಮೊದಲ ವಾರ ಯಾರೂ ಸ್ಲಾಟ್‌ಗೆ ಸರಿಯಾಗಿ ಬರಲಿಲ್ಲ. ಬಂದವರನ್ನು ಒಳಗೆ ಬಿಟ್ಟು, ತಡವಾದವರನ್ನು ಕಾಯಿಸಿದೆವು. ಯಾರ ಒತ್ತಾಯಕ್ಕೂ ಬಗ್ಗಲಿಲ್ಲ. ಎರಡನೆಯ ವಾರದಿಂದ ಸರಿಹೋಯಿತು.

ಟಾರ್ಗೆಟ್_ತಿಮ್ಮ
ನಾನು ಸೇಲ್ಸ್‌ನವನು. ಕೊನೆಯ ವಾರದ ಗದ್ದಲ ಅಂದ ಕೂಡಲೇ ಎಲ್ಲರ ಬೆರಳು ನಮ್ಮ ಕಡೆ ಬರುತ್ತದೆ ಅಂತ ಗೊತ್ತು. ಟಾರ್ಗೆಟ್ ತಿಂಗಳಿಗೆ ಇಟ್ಟವರು ನಾವಲ್ಲ. ಡೀಲರ್ ಕೊನೆಯ ವಾರ ಡಿಸ್ಕೌಂಟ್ ಸಿಗುತ್ತದೆ ಅಂತ ಕಾಯುತ್ತಾನೆ. ನಾವೇನು ಮಾಡಲಿ?

ಲೆಕ್ಕ_ಬಿಡದವಳು
ಡಿಸ್ಕೌಂಟ್ ಕೊಡುವುದು ಯಾರು?

ಟಾರ್ಗೆಟ್_ತಿಮ್ಮ
…ನಾವೇ.

ಲೆಕ್ಕ_ಬಿಡದವಳು
ಬೈಯಲು ಹೇಳುತ್ತಿಲ್ಲ, ಇದು ಹೆಸರಿರುವ ಕಾಯಿಲೆ. ಬುಲ್‌ವಿಪ್ ಅನ್ನುತ್ತಾರೆ, ಚಾಟಿಯ ಹಾಗೆ. ಹಿಡಿಯ ಹತ್ತಿರ ಸ್ವಲ್ಪ ಅಲುಗಿದರೆ ತುದಿಯಲ್ಲಿ ಜೋರು ಬೀಸು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಮಕ್ಕಳ ಡೈಪರ್ ಆರ್ಡರ್‌ಗಳಲ್ಲಿ ಇದನ್ನು ಕಂಡಿದ್ದರು. ಮಕ್ಕಳು ದಿನವೂ ಒಂದೇ ತರ ಡೈಪರ್ ಬಳಸುತ್ತಾರೆ, ಆದರೆ ಅಂಗಡಿಯಿಂದ ಕಾರ್ಖಾನೆ ಕಡೆಗೆ ಹಿಂದೆ ಹಿಂದೆ ಹೋದಂತೆ ಆರ್ಡರ್ ಮಾತ್ರ ಏರುಪೇರು. 1997ರಲ್ಲಿ ಸಂಶೋಧಕ ಹೌ ಲೀ ಮತ್ತು ಜೊತೆಗಾರರು ಇದಕ್ಕೆ ನಾಲ್ಕು ಕಾರಣ ಕೊಟ್ಟರು. ಅದರಲ್ಲಿ ಎರಡು ಇಲ್ಲೇ ಕೂತಿವೆ: ಬೆಲೆ ಏರಿಳಿತ, ಆರ್ಡರ್‌ಗಳನ್ನು ಒಟ್ಟು ಮಾಡಿ ಒಂದೇ ಸಲ ಹಾಕುವುದು. ಬಕೆಟ್ ಕೊಳ್ಳುವ ಜನ ತಿಂಗಳ ಕೊನೆಗೆ ಕಾಯುತ್ತಾರಾ? ಇಲ್ಲ. ಕಾಯುವ ಅಭ್ಯಾಸ ಮಾಡಿಸಿದ್ದು ನಾವು. ಮೂರು ವಾರ ಹಮಾಲರಿಗೆ ಕೆಲಸ ಇಲ್ಲ, ಕೊನೆಯ ವಾರ ಕೇಳಿದ ರೇಟ್ ಕೊಟ್ಟು ಲಾರಿ ಹಿಡಿಯಬೇಕು.

ಡಿಸ್ಕೌಂಟ್ ತೆಗೆಯಬೇಡಿ. ತುಂಬಿದ ಲಾರಿಗೆ ಕೊಡಿ, ತಿಂಗಳ ಮಧ್ಯದ ದಿನಕ್ಕೆ ಕೊಡಿ.

ಟಾರ್ಗೆಟ್_ತಿಮ್ಮ
ಚಿಕ್ಕ ಡೀಲರ್ ಲಾರಿ ತುಂಬುವಷ್ಟು ಎಲ್ಲಿ ಕೊಳ್ಳುತ್ತಾನೆ?

ಹಿಂದಿನ_ಚಕ್ರ
ಒಬ್ಬ ಬೇಡ. ಒಂದೇ ದಾರಿಯ ನಾಲ್ಕು ಡೀಲರ್‌ಗಳನ್ನು ಸೇರಿಸಿ. ಆ ದಾರಿಗೆ ವಾರದಲ್ಲಿ ಒಂದು ದಿನ ಅಂತ ಗೊತ್ತು ಮಾಡಿ. ಬುಧವಾರ ಲಾರಿ ಬಂದೇ ಬರುತ್ತದೆ ಅಂತ ನಂಬಿಕೆ ಬಂದರೆ ಡೀಲರ್ ಮಂಗಳವಾರ ತಾನಾಗಿ ಆರ್ಡರ್ ಹೇಳುತ್ತಾನೆ. ನನಗೂ ಪ್ರತಿ ಬುಧವಾರದ ಲೋಡು ಗ್ಯಾರಂಟಿ. ಗ್ಯಾರಂಟಿ ಇದ್ದರೆ ರಿಟರ್ನ್ ಲೋಡ್ ಮೊದಲೇ ಹುಡುಕಿಕೊಳ್ಳುತ್ತೇನೆ, ನಿಮಗೆ ರೇಟೂ ಇಳಿಸುತ್ತೇನೆ. ಖಾಲಿ ವಾಪಸ್ ಬರುವ ಡೀಸೆಲ್ ಕೂಡ ನಿಮ್ಮ ಬಾಡಿಗೆಯಲ್ಲೇ ಇರುತ್ತದೆ, ಬಿಲ್ಲಿನಲ್ಲಿ ಬರೆದಿರುವುದಿಲ್ಲ ಅಷ್ಟೇ.

ಕೌಂಟರ್_ಮನುಷ್ಯ
ಕೊಳ್ಳುವವನ ಮಾತೂ ಕೇಳಿ. ನಮಗೆ ಲಾರಿ ಬೇಗ ಬರುವುದಕ್ಕಿಂತ ಹೇಳಿದ ದಿನ ಬರುವುದು ಮುಖ್ಯ. ದಿನಕ್ಕೆ 100 ಪೆಟ್ಟಿಗೆ ಹೋಗುತ್ತವೆ ಅಂದುಕೊಳ್ಳಿ. ಮೂರೇ ದಿನದಲ್ಲಿ ಖಂಡಿತ ಬರುತ್ತದೆ ಅಂದರೆ 300 ಇರುವಾಗ ಆರ್ಡರ್ ಹಾಕಿದರೆ ಸಾಕು. ಒಮ್ಮೆ ಎರಡು ದಿನ, ಒಮ್ಮೆ ಆರು ದಿನ ಅಂದರೆ 600 ಇರುವಾಗಲೇ ಹಾಕಬೇಕು. ಆ ಹೆಚ್ಚಿನ 300ಕ್ಕೆ ಜಾಗ ನನ್ನದು, ದುಡ್ಡೂ ನನ್ನದು.

ತೆರೆಯ_ಮುಂದೆ
ಹಾಗಾದರೆ ಡೀಲರ್‌ಗಳ ಹತ್ತಿರವೇ ನಾಲ್ಕು ಕಡೆ ಚಿಕ್ಕ ಗೋದಾಮು ಮಾಡಿಬಿಡಿ. ಸಮಸ್ಯೆಯೇ ಇರುವುದಿಲ್ಲ.

ಲೆಕ್ಕ_ಬಿಡದವಳು
ಸಮಸ್ಯೆ ನಾಲ್ಕಾಗುತ್ತದೆ. ಆಪತ್ತಿಗೆ ಅಂತ ಇಡುವ ದಾಸ್ತಾನು ಗೋದಾಮಿನ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ ಅಂತ ಒಂದು ಅಂದಾಜಿನ ಸೂತ್ರ ಇದೆ. ನಾಲ್ಕೂ ಕಡೆಯ ಬೇಡಿಕೆ ಒಂದೇ ಪ್ರಮಾಣದ್ದು, ಒಂದಕ್ಕೊಂದು ಸಂಬಂಧ ಇಲ್ಲ ಅಂದರೆ, ಒಂದರ ಬದಲು ನಾಲ್ಕು ಗೋದಾಮು ಮಾಡಿದಾಗ ಆ ದಾಸ್ತಾನು ಎರಡು ಪಟ್ಟು. ದೂರ ಕಡಿಮೆ ಆದದ್ದರಿಂದ ಅಷ್ಟು ಉಳಿಯುತ್ತದಾ ಅಂತ ಮೊದಲು ನೋಡಬೇಕು. ಜೊತೆಗೆ ಒಂದು ಕಡೆ ಕೆಂಪು ಬಕೆಟ್ ಕೊಳೆಯುತ್ತಿದ್ದರೆ ಇನ್ನೊಂದು ಕಡೆ ಕೆಂಪೇ ಬೇಕು ಅಂತ ಜಗಳ.

ಗೋದಾಮು_14
ಕೆಂಪು ಬಕೆಟ್ ಜಗಳ ನಿಜ. ನಮ್ಮಲ್ಲಿ ಅದು ನೀಲಿ ಪೈಪು.

ರವಾನೆ_ಗುಮಾಸ್ತ
ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಗೆರೆ ಹಾಕಿದೆವು, ಹಿಂದಿನ ಸಂಜೆಯೇ ಬಿಲ್ ಶುರುವಾಯಿತು. ಅಕೌಂಟ್ಸ್‌ನವರು ಮೊದಲು ಮುಖ ಊದಿಸಿಕೊಂಡರು, ಈಗ ಬೆಳಗ್ಗೆ ಅವರಿಗೇ ಆರಾಮ. ಲಾರಿ ಒಳಗಿರುವ ಹೊತ್ತು ಸರಾಸರಿ ಮೂರು ಗಂಟೆ ಹತ್ತು ನಿಮಿಷಕ್ಕೆ ಬಂದಿದೆ. ಸ್ಲಾಟ್ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಬಕೆಟ್ ಒಂದರೊಳಗೊಂದು ಕೂರಿಸಿ ಕಳಿಸುವುದಕ್ಕೆ ಎರಡು ಡೀಲರ್ ಒಪ್ಪಿದ್ದಾರೆ, ಉಳಿದವರು ‘ಮುಚ್ಚಳ ಕಮ್ಮಿ ಬಂದರೆ ನೀವೇ ಹೊಣೆ’ ಅಂದಿದ್ದಾರೆ. ಹೈ ಕ್ಯೂಬ್ ರೇಟ್ ಬಂತು, ಎರಡು ಚಿಕ್ಕದಕ್ಕಿಂತ ಕಡಿಮೆಯೇ. ಮುಂದಿನ ಶಿಪ್‌ಮೆಂಟ್ ಅದರಲ್ಲಿ.

ಕೊನೆಯ ವಾರದ ಡಿಸ್ಕೌಂಟ್ ಮಾತ್ರ ಅಲ್ಲೇ ಇದೆ. ಯಜಮಾನರು ‘ಮೊದಲು ನಾಲ್ಕನೆಯವರ ರೇಟ್ ತರಿಸು’ ಅಂದರು. ತರಿಸಿದೆ. ಜೊತೆಗೆ ಗೇಟ್ ಪುಸ್ತಕದ ಹಾಳೆಯನ್ನೂ ಇಟ್ಟೆ. ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ರೇಟ್ ಇನ್ನೂ ಅವರ ಟೇಬಲ್ ಮೇಲೇ ಇದೆ.

ಬಂದರು_ಕಾಗೆ
ಹೈ ಕ್ಯೂಬ್ ತುಂಬಿದ ಮೇಲೆ ತೂಕದ ಘೋಷಣೆ ಮರೆಯಬೇಡಿ. 2016ರ ಜುಲೈ 1ರಿಂದ, ತುಂಬಿದ ಕಂಟೇನರ್‌ನ ತೂಕ ಖಾತ್ರಿ ಮಾಡಿ ಕೊಡದೆ ಹಡಗಿಗೆ ಹತ್ತಿಸುವುದಿಲ್ಲ. ಖಾಲಿ ಕಂಟೇನರ್ ಬೇಗ ವಾಪಸ್ ಮಾಡಿ ಅಂತ ಕೊಳ್ಳುವವರಿಗೂ ಹೇಳಿ. ಕಂಟೇನರನ್ನು ಅವಧಿ ಮೀರಿ ಬಂದರಿನೊಳಗೆ ಬಿಟ್ಟರೆ ಡೆಮರೇಜ್, ಹೊರಗೆ ಇಟ್ಟುಕೊಂಡರೆ ಡಿಟೆನ್ಷನ್ ಅಂತ ಹೆಚ್ಚುವರಿ ದುಡ್ಡು ಕಟ್ಟಬೇಕು.

ಟಾರ್ಗೆಟ್_ತಿಮ್ಮ
ಬುಧವಾರದ ಲಾರಿ ಐಡಿಯಾ ನಮ್ಮ ಕಂಪನಿಯಲ್ಲಿ ನಾನೇ ಹೇಳಿದೆ. ನನ್ನದೇ ಯೋಚನೆ ಅಂದುಕೊಂಡರು. ಅಣ್ಣಾ, ಕ್ಷಮಿಸಿ.

ಹಿಂದಿನ_ಚಕ್ರ
ತಗೊಳ್ಳಿ, ತಗೊಳ್ಳಿ. ಗುಮಾಸ್ತರೇ, ಒಂದು ಕೇಳುವುದು ಮರೆತೆ. ಕಾಯುವ ಡ್ರೈವರ್‌ಗೆ ಕುಡಿಯಲು ನೀರು, ಶೌಚಾಲಯ ಇದೆಯಾ?

ರವಾನೆ_ಗುಮಾಸ್ತ
ನೀರಿನ ನಲ್ಲಿ ಕಳೆದ ವಾರ ಹಾಕಿಸಿದೆವು. ಶೌಚಾಲಯ ಮೊದಲೇ ಇತ್ತು. ಬೀಗ ಹಾಕಿರುತ್ತದೆ, ಕೀ ಸೆಕ್ಯುರಿಟಿ ಹತ್ತಿರ.

ಹಿಂದಿನ_ಚಕ್ರ
ಸೆಕ್ಯುರಿಟಿ ಎಲ್ಲಿರುತ್ತಾನೆ?

ರವಾನೆ_ಗುಮಾಸ್ತ
…ನಾಳೆ ಬೀಗವನ್ನೇ ತೆಗೆಸುತ್ತೇನೆ ಅಣ್ಣಾ.